ಜಿಲ್ಲೆಗೊಂದು ಬೆಚ್ಚನೆಯ ಕೋಣೆ
(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ನಮ್ಮ ಕಡೆ ಹಿಂದೆ ಒಂದು ನಂಬಿಕೆಯಿತ್ತು. ಏಳು ತಿಂಗಳಿಗೆ ಹುಟ್ಟಿದ ಕೂಸು ಬದುಕಿದರೂ ಬದುಕೀತು, ಎಂಟು ತಿಂಗಳಿಗೆ ಹುಟ್ಟಿದ್ದು ಮಾತ್ರ ಉಳಿಯಲಾರದು ಎಂಬುದೇ ಆ ನಂಬಿಕೆ. ಇದು ನಮ್ಮ ಅಜ್ಜಿಯರ ಸ್ವಂತ ಸೊತ್ತೆಂದು ನಾನು ಬಹುಕಾಲ ತಿಳಿದಿದ್ದೆ. ಗ್ರೀಕ್ ವೈದ್ಯ ಹಿಪ್ಪೊಕ್ರೇಟಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥಗಳಲ್ಲಿ ಎಂಟು ತಿಂಗಳ ಶಿಶುವನ್ನು ಕುರಿತೇ ಒಂದು ಪ್ರಬಂಧವಿದೆಯೆಂದೂ, ಅಲ್ಲಿಯೂ ಇದೇ ತೀರ್ಪೆಂದೂ ಗೊತ್ತಾದದ್ದು ಆಮೇಲೆ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬಾಳಿದ ಈ ಮಾತಿನಲ್ಲಿ ಸತ್ಯಾಂಶ ಎಳ್ಳಷ್ಟೂ ಇಲ್ಲ. ದಿನ ತುಂಬುವವರೆಗೆ ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿನ ಬಲವನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ.

೧೯೮೬ರಲ್ಲಿ ನಮ್ಮ ಚೊಚ್ಚಲ ಮಗು ಎಂಟನೆಯ ತಿಂಗಳಲ್ಲಿ ಹುಟ್ಟಿತು. ನಾನಾಗ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ಅಲ್ಲಿಯ ಆಸ್ಪತ್ರೆಯ ವೈದ್ಯರು ಸಜ್ಜನರು. "ಮೇಷ್ಟ್ರೇ, ನಮ್ಮಲ್ಲಿ ಏನೂ ಇಲ್ಲ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿಬಿಡಿ" ಎಂದರು. ಕೂಸನ್ನು ಹತ್ತಿಯಲ್ಲಿ ಸುತ್ತಿ, ನಮ್ಮ ಅತ್ತೆಯವರ ಮಡಿಲಲ್ಲಿಟ್ಟು, ಡಿಸೆಂಬರಿನ ಬೆಳಗಿನ ಜಾವದ ಬಸ್ಸಿನಲ್ಲಿ ನೂರು ಕಿಲೋಮೀಟರಿನಷ್ಟು ದೂರ ಹೋದೆವು. ಪಕ್ಕದ ಕಿಟಕಿ ಮುಚ್ಚುತ್ತಿರಲಿಲ್ಲ. ನಾನು ನನ್ನ ಶಾಲನ್ನು ಅದಕ್ಕೆ ಅಡ್ಡ ಹಿಡಿದು ನಿಂತಿದ್ದೆ. ತಲಪುವ ವೇಳೆಗೆ ಕೂಸಿನ ಅಂಗಾಲು ತಣ್ಣಗಾಗಿತ್ತು. ಮೂರನೆಯ ದಿನ ಅದು ತೀರಿಕೊಂಡಿತು. "ಎಂಟು ತಿಂಗಳದ್ದು, ಏನು ಮಾಡುವುದು" ಎಂದರು ಹಿರಿಯರು. ಆ ಸಮಾಧಾನವನ್ನು ನಾನೂ ಒಪ್ಪಿಕೊಂಡೆ. ಆ ಸಾವಿನಲ್ಲಿ ತಿಂಗಳ ಲೆಕ್ಕಕ್ಕಿಂತ ಚಳಿಯ ಪಾಲು, ದೂರದ ಪಾಲು ಹೆಚ್ಚಾಗಿದ್ದಿರಬಹುದೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಚಳಿಯೆಂದರೆ ನಮಗೆ ಕಂಬಳಿ ಹೊದೆಯುವ ಮಾತು. ಹಸುಗೂಸಿಗೆ ಅದು ಪ್ರಾಣದ ಮಾತು. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ನಮ್ಮದಕ್ಕಿಂತ ಎಷ್ಟೋ ಹೆಚ್ಚು. ಒಳಗಿನ ಕಾವೆಲ್ಲ ಆ ಹರವಿನಿಂದ ಹೊರಗೆ ಸೋರಿಹೋಗುತ್ತದೆ. ಹುಟ್ಟಿದಾಗ ಮೈ ಒದ್ದೆ; ಆ ತೇವ ಆರುವಾಗ ಇನ್ನಷ್ಟು ಕಾವನ್ನು ಕೊಂಡೊಯ್ಯುತ್ತದೆ. ಚಳಿಗೆ ಕೂಸು ನಮ್ಮಂತೆ ನಡುಗಲಾರದು. ತನ್ನಲ್ಲಿರುವ ಒಂದು ಬಗೆಯ ಕೊಬ್ಬನ್ನು ಉರಿಸಿ ಕಾವು ಹುಟ್ಟಿಸಿಕೊಳ್ಳಬೇಕು. ದಿನ ತುಂಬದೆ ಬಂದ ಕೂಸಿನಲ್ಲಿ ಆ ಕೊಬ್ಬಿನ ಸಂಗ್ರಹ ಬಹಳ ಕಡಿಮೆ. ಇದ್ದ ಸಕ್ಕರೆ ಕರಗುತ್ತದೆ, ಆಮ್ಲಜನಕದ ಬೇಡಿಕೆ ಏರುತ್ತದೆ, ಬಲಿಯದ ಶ್ವಾಸಕೋಶ ಅದನ್ನು ಪೂರೈಸಲಾರದು. ನವಜಾತ ಶಿಶುಗಳ ಮರಣಕ್ಕೆ ಮುಖ್ಯ ಕಾರಣಗಳೆಂದು ವೈದ್ಯರು ಹೇಳುವುದು ಅಕಾಲ ಜನನ, ಹುಟ್ಟುವಾಗಿನ ಉಸಿರುಗಟ್ಟುವಿಕೆ ಮತ್ತು ಸೋಂಕು. ಚಳಿ ಈ ಮೂರಕ್ಕೂ ಕೈಗೂಡಿಸುವ ನೆಂಟ.

ಕೂಸಿಗೆ ಕೃತಕವಾಗಿ ಕಾವು ಕೊಡುವ ಯೋಚನೆಗೆ ಪ್ಯಾರಿಸ್ಸಿನಲ್ಲಿ ಹೊಸ ರೂಪ ಬಂದದ್ದು ಕೋಳಿಮೊಟ್ಟೆಗಳಿಂದ. ಸ್ಟೆಫಾನ್ ತಾರ್ನಿಯೆ ಎಂಬ ಪ್ರಸೂತಿ ವೈದ್ಯ ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಮರಿ ಮಾಡಿಸುವ ಪೆಟ್ಟಿಗೆಯನ್ನು ಕಂಡು, ಅಂಥದೇ ಒಂದನ್ನು ಶಿಶುಗಳಿಗಾಗಿ ಮಾಡಿಸಿದ. ಅದು ೧೮೮೦ರ ಸುಮಾರಿನ ಮಾತು. ಮುಂದೆ ಮಾರ್ಟಿನ್ ಕೂನಿ ಎಂಬಾತ ನ್ಯೂಯಾರ್ಕಿನ ಕೋನಿ ದ್ವೀಪದ ಜಾತ್ರೆಯಲ್ಲಿ ಇಂಥ ಪೆಟ್ಟಿಗೆಗಳಲ್ಲಿ ಜೀವಂತ ಶಿಶುಗಳನ್ನಿಟ್ಟು, ಜನರಿಂದ ಪ್ರವೇಶಶುಲ್ಕ ಎತ್ತಿ, ಆ ಹಣದಿಂದಲೇ ಅವುಗಳ ಆರೈಕೆ ನಡೆಸಿದ; ೧೯೦೩ರಿಂದ ೧೯೪೩ರವರೆಗೆ! ಆಸ್ಪತ್ರೆಗಳು ಕೈಬಿಟ್ಟ ಕೂಸುಗಳು ಜಾತ್ರೆಯಲ್ಲಿ ಬದುಕಿಕೊಂಡವು. ನಮ್ಮಲ್ಲಿ ಗಾಂಧಾರಿಯ ತುಪ್ಪದ ಕೊಡಗಳನ್ನು ನೆನೆದು ಇದೆಲ್ಲ ನಮಗೆ ಹಿಂದೆಯೇ ಗೊತ್ತಿತ್ತೆಂದು ಹೇಳುವವರುಂಟು. ಮೂವತ್ತು ವರ್ಷ ಕಾವ್ಯ ಪಾಠ ಹೇಳಿದವನಾಗಿ ನಾನು ಕೇಳಿಕೊಳ್ಳುವುದಿಷ್ಟೆ: ವ್ಯಾಸರನ್ನು ಕವಿಯಾಗಿಯೇ ಇರಗೊಡೋಣ.

ಇರಲಿ. ಭಾರತದ ಮಹಾನಗರಗಳ ಬೋಧನಾಸ್ಪತ್ರೆಗಳಲ್ಲಿ ಶಿಶುಗಳ ವಿಶೇಷ ವಿಭಾಗಗಳು ಬಹಳ ಹಿಂದೆಯೇ ಬಂದಿದ್ದವು. ಕೊರತೆಯಿದ್ದದ್ದು ಜಿಲ್ಲೆಗಳಲ್ಲಿ. ಈ ಕೊರತೆಗೆ ದಾರಿ ತೋರಿಸಿದ್ದು ಯಾವುದೋ ಶ್ರೀಮಂತ ಊರಲ್ಲ, ಪಶ್ಚಿಮ ಬಂಗಾಳದ ಪುರುಲಿಯಾ. ಬರಡು ನೆಲದ, ಬಡತನದ ಜಿಲ್ಲೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ೨೦೦೩ರಲ್ಲಿ, ಕೋಲ್ಕತ್ತದ ಶಿಶುವೈದ್ಯ ಡಾ. ಅರುಣ್ ಸಿಂಗ್ ಅವರ ಮುಂದಾಳುತನದಲ್ಲಿ, ಯುನಿಸೆಫ್ ನೆರವಿನೊಡನೆ ರೋಗಗ್ರಸ್ತ ನವಜಾತ ಶಿಶುಗಳಿಗಾಗಿ ಒಂದು ಘಟಕ ಆರಂಭವಾಯಿತು. ದಾದಿಯರು ಸಾಲದೆ ಬಂದಾಗ ಸ್ಥಳೀಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಶಿಶು ಸಹಾಯಕಿಯರನ್ನಾಗಿ ನೇಮಿಸಿಕೊಂಡರು. ೨೦೦೯ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆ ಆಸ್ಪತ್ರೆಯಲ್ಲಿ ನವಜಾತ ಶಿಶುಮರಣ ಮೊದಲ ವರ್ಷ ಶೇಕಡಾ ೧೪ರಷ್ಟು, ಎರಡನೆಯ ವರ್ಷ ಶೇಕಡಾ ೨೧ರಷ್ಟು ಇಳಿಯಿತು. ಪವಾಡದ ಸಂಖ್ಯೆಗಳಲ್ಲ ಇವು. ಆದುದರಿಂದಲೇ ನಂಬಿಕೆಗೆ ಅರ್ಹವೆಂದು ನನ್ನ ಭಾವನೆ.

ಈ ಮಾದರಿ ದೇಶಕ್ಕೆಲ್ಲ ಹಬ್ಬಿತು. ೨೦೧೧ರ ಮಾರ್ಗಸೂಚಿಗಳ ಪ್ರಕಾರ ವ್ಯವಸ್ಥೆಗೆ ಮೂರು ಮೆಟ್ಟಿಲು. ಹೆರಿಗೆ ನಡೆಯುವ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಒಂದು ಮೂಲೆ: ಅಲ್ಲಿ ಕೂಸನ್ನು ಒರೆಸಿ, ಬೆಚ್ಚಗಿಟ್ಟು, ಅಳದಿದ್ದರೆ ಉಸಿರೂಡುವ ಏರ್ಪಾಡು. ತಾಲ್ಲೂಕು ಮಟ್ಟದಲ್ಲಿ ನಾಲ್ಕು ಹಾಸಿಗೆಗಳ ಘಟಕ. ಜಿಲ್ಲಾಸ್ಪತ್ರೆಯಲ್ಲಿ ಕನಿಷ್ಠ ಹನ್ನೆರಡು ಹಾಸಿಗೆಗಳ ವಿಶೇಷ ಘಟಕ. ೧,೮೦೦ ಗ್ರಾಂಗಿಂತ ಹಗುರವಾದ, ಅಥವಾ ೩೪ ವಾರ ತುಂಬದೆ ಬಂದ ಕೂಸುಗಳಿಗೆ, ಹಾಗೂ ರೋಗಗ್ರಸ್ತವಾದ ಇತರ ನವಜಾತ ಶಿಶುಗಳಿಗೆ ಅಲ್ಲಿ ಪ್ರವೇಶ. ಅದೇ ವರ್ಷದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಚಿಕಿತ್ಸೆಯೂ, ವಾಹನವೂ ಉಚಿತವಾದವು. ಇಂಥ ವಿಶೇಷ ಘಟಕಗಳು ದೇಶದಲ್ಲೀಗ ಒಂಬೈನೂರಕ್ಕೂ ಮಿಕ್ಕಿವೆ. ಹುಟ್ಟಿದ ಸಾವಿರ ಶಿಶುಗಳಲ್ಲಿ ಮೊದಲ ತಿಂಗಳು ದಾಟದೆ ತೀರಿಕೊಳ್ಳುವವು ೨೦೦೦ದಲ್ಲಿ ೪೪ ಇದ್ದವು. ೨೦೨೦ರಲ್ಲಿ ೨೦ಕ್ಕೆ ಇಳಿದವು. ಇಳಿಕೆಗೆ ಆಸ್ಪತ್ರೆಯ ಹೆರಿಗೆ, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ಮೊದಲಾಗಿ ಬೇರೆ ಕಾರಣಗಳೂ ಉಂಟೆಂಬುದನ್ನು ಮರೆಯಬಾರದು. ಅದೇ ೨೦೨೦ರಲ್ಲಿ ಈ ಸಂಖ್ಯೆ ಕೇರಳದಲ್ಲಿ ೪, ಕರ್ನಾಟಕದಲ್ಲಿ ೧೪, ಮಧ್ಯಪ್ರದೇಶದಲ್ಲಿ ೩೧. ಒಂದೇ ದೇಶ, ಆದರೆ ಕೂಸು ಎಲ್ಲಿ ಕಣ್ಣು ತೆರೆಯಿತೆಂಬುದರ ಮೇಲೆ ಇಷ್ಟು ವ್ಯತ್ಯಾಸ!

ಕಣ್ಣು ತೆರೆಯುವ ಮಾತು ಬಂದಿತು. ಪ್ರಾಣ ಉಳಿಸುವ ಆಮ್ಲಜನಕವೇ ಮಿತಿಮೀರಿದರೆ ಅಕಾಲ ಶಿಶುವಿನ ಕಣ್ಣಿನ ಪೊರೆಯ ಹಿಂದಿರುವ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ಅಂಧತ್ವ ಬರಬಹುದು. ೧೯೪೦ ಮತ್ತು ೫೦ರ ದಶಕಗಳಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಸಾವಿರಾರು ಮಕ್ಕಳು ಹೀಗೆ ದೃಷ್ಟಿ ಕಳೆದುಕೊಂಡರು. ಕಾರಣ ತಿಳಿದ ಮೇಲೆ ಆಮ್ಲಜನಕವನ್ನು ಬಿಗಿಹಿಡಿದರು; ಆಗ ಉಸಿರು ಸಾಲದೆ ಸಾಯುವ ಕೂಸುಗಳು ಹೆಚ್ಚಿದವು. ಅಳತೆ ತಪ್ಪದಂತೆ ಕೊಡುವ ಈ ಕೆಲಸಕ್ಕೆ ಯಂತ್ರ ಬೇಕು, ಯಂತ್ರಕ್ಕಿಂತ ಹೆಚ್ಚಾಗಿ ಅದನ್ನು ನೋಡುತ್ತಿರುವ ಕಣ್ಣು ಬೇಕು. ಜಿಲ್ಲೆ ಜಿಲ್ಲೆಗಳಲ್ಲಿ ಘಟಕಗಳು ತೆರೆದಂತೆ ಬದುಕಿ ಉಳಿದ ಕೂಸುಗಳ ಕಣ್ಣಿನ ಪರೀಕ್ಷೆಯೂ ನಡೆಯಲೇಬೇಕಾಯಿತು. ಅದನ್ನು ಬಲ್ಲ ವೈದ್ಯರೋ ಬೆರಳೆಣಿಕೆಯಷ್ಟು. ಇದಕ್ಕೆ ನಮ್ಮ ಕರ್ನಾಟಕದಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದವರು ೨೦೦೮ರಲ್ಲಿ ಕಂಡುಕೊಂಡ ಉಪಾಯ ಮೆಚ್ಚತಕ್ಕದ್ದು. 'ಕಿಡ್‌ರಾಪ್' ಎಂಬ ಈ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ವಿಶೇಷ ಕ್ಯಾಮೆರಾ ಹೊತ್ತು ಊರೂರಿನ ಆಸ್ಪತ್ರೆಗಳಿಗೆ ಹೋಗಿ ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ; ತಜ್ಞರು ದೂರದಲ್ಲಿ ಕುಳಿತು ಅದನ್ನು ನೋಡಿ ಹೇಳುತ್ತಾರೆ. ಕೂಸು ಬಸ್ಸು ಹತ್ತುವುದು ತಪ್ಪಿತು.

ಘಟಕವನ್ನು ಉದ್ಘಾಟಿಸುವುದು ಸುಲಭ, ನಡೆಸುವುದು ಕಷ್ಟ. ಪ್ರತಿ ಪಾಳಿಯಲ್ಲಿ ಮೂರು ನಾಲ್ಕು ಕೂಸುಗಳಿಗೆ ಒಬ್ಬ ದಾದಿ ಇರಬೇಕೆಂಬುದು ನಿಯಮ. ಹನ್ನೆರಡು ಹಾಸಿಗೆಗಳಿರುವ ಕಡೆ ಇಪ್ಪತ್ತು ಕೂಸುಗಳು ಬಂದರೆ ಒಂದೇ ವಾರ್ಮರಿನ ಕೆಳಗೆ ಎರಡು ಮಲಗಬೇಕಾಗುತ್ತದೆ. ಒಂದರ ಸೋಂಕು ಇನ್ನೊಂದಕ್ಕೆ. ತಂತಿಗಳು, ಆಮ್ಲಜನಕ, ಹಗಲಿರುಳೂ ಉರಿಯುವ ಕಾವು, ಇವೆಲ್ಲ ಒಂದೇ ಇಕ್ಕಟ್ಟಾದ ಕೋಣೆಯಲ್ಲಿ. ೨೦೨೧ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾದಲ್ಲಿ ಇಂಥ ಘಟಕಕ್ಕೆ ಬೆಂಕಿ ಬಿದ್ದು ಹತ್ತು ಶಿಶುಗಳು ಸತ್ತವು. ೨೦೨೪ರ ನವೆಂಬರಿನಲ್ಲಿ ಝಾನ್ಸಿಯಲ್ಲಿ ಅದೇ ಕಥೆ ಮರುಕಳಿಸಿತು. ಬೆಚ್ಚಗಿಡಲೆಂದು ಕಟ್ಟಿದ ಕೋಣೆ ಸುಡುವ ಕೋಣೆಯಾಯಿತೆಂಬುದನ್ನು ಬರೆಯುವಾಗ ಕೈ ನಡುಗುತ್ತದೆ.

ಇನ್ನೊಂದು ಸಂಗತಿ ಯಾವ ಯಂತ್ರದಿಂದಲೂ ಸರಿಹೋಗತಕ್ಕದ್ದಲ್ಲ. ಈ ಘಟಕಗಳಿಗೆ ಬರುವ ಕೂಸುಗಳಲ್ಲಿ ಹೆಣ್ಣು ಯಾವಾಗಲೂ ಗಂಡಿಗಿಂತ ಕಡಿಮೆ. ಹೆಣ್ಣುಕೂಸು ಹುಟ್ಟಿನಿಂದಲೇ ತುಸು ಗಟ್ಟಿ, ಕಾಯಿಲೆ ಬೀಳುವುದು ಕಡಿಮೆ ಎಂಬುದು ನಿಜವೇ. ಆದರೆ ಇಡೀ ವ್ಯತ್ಯಾಸಕ್ಕೆ ಪ್ರಕೃತಿಯೊಂದನ್ನೇ ಹೊಣೆ ಮಾಡಲಾಗದು. ವಾಹನವೂ ಔಷಧವೂ ಉಚಿತವಾದ ಮೇಲೂ ಕೆಲವು ಮನೆಗಳಲ್ಲಿ ಹೊಸ್ತಿಲು ದಾಟದೆ ಉಳಿಯುವವರು ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರವಿಲ್ಲದ ಕಾವೂ ಒಂದುಂಟು. ೧೯೭೮ರ ಸುಮಾರಿನಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ಪೆಟ್ಟಿಗೆಗಳು ಸಾಲದೆ, ಎಡ್ಗರ್ ರೇ ಎಂಬ ವೈದ್ಯರು ಅಕಾಲ ಶಿಶುಗಳನ್ನು ತಾಯಂದಿರ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ, ಕಟ್ಟಿಸಿದರು. ಕಾಂಗರೂವನ್ನು ನೆನಪಿಗೆ ತರುವುದರಿಂದ ಅದಕ್ಕೆ ಆ ಹೆಸರು. ಬಡವರ ಉಪಾಯವೆಂದು ಕೆಲವರು ಮೂಗು ಮುರಿದದ್ದೂ ಉಂಟು. ೨೦೨೧ರಲ್ಲಿ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯಲ್ಲಿ, ಹುಟ್ಟಿದೊಡನೆ ಹೀಗೆ ಎದೆಗವಚಿಕೊಂಡ ಶಿಶುಗಳಲ್ಲಿ ಮರಣ ಶೇಕಡಾ ೨೫ರಷ್ಟು ಕಡಿಮೆಯೆಂದು ಕಂಡುಬಂದಿತು. ತಾಯಿಯನ್ನು ಘಟಕದ ಬಾಗಿಲ ಹೊರಗೆ ಕೂರಿಸುವ ಪದ್ಧತಿಯೇ ತಪ್ಪೆಂದು ಅದು ತೋರಿಸಿಕೊಟ್ಟಿತು. ಈ ಕ್ರಮವನ್ನು ಇಡೀ ಜಿಲ್ಲೆಗೆ ಹಬ್ಬಿಸಬಹುದೇ ಎಂದು ಪರೀಕ್ಷಿಸಿದ ಸ್ಥಳಗಳಲ್ಲಿ ನಮ್ಮ ಕೊಪ್ಪಳವೂ ಒಂದು.

೨೦೨೨ರಲ್ಲಿ ನನ್ನ ಮಗಳಿಗೂ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು; ತೂಕ ೧,೪೨೦ ಗ್ರಾಂ. ಜಿಲ್ಲಾಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇತ್ತು. ಮಗಳು ಊಟಕ್ಕೆ ಎದ್ದಾಗ ಅಳಿಯ ಅಂಗಿ ಬಿಚ್ಚಿ, ಕೂಸನ್ನು ಎದೆಗೆ ಕಟ್ಟಿಕೊಂಡು, ಅಲುಗಾಡದೆ ಕೂರುತ್ತಿದ್ದ. ಸಿಸ್ಟರು ದಿನಾ ಬೆಳಿಗ್ಗೆ ತೂಕ ಮಾಡಿ ಚೀಟಿಯಲ್ಲಿ ಬರೆಯುತ್ತಿದ್ದರು. ಹತ್ತು ಗ್ರಾಂ ಏರಿದರೆ ಮನೆಯಲ್ಲಿ ಹಬ್ಬ. ಮೊದಲ ದಿನ ನನ್ನ ಹೆಂಡತಿ ಮಗಳ ಮಂಚದ ಬಳಿ ನಿಂತು, ಮೆಲ್ಲಗೆ, "ಎಷ್ಟು ತಿಂಗಳಿಗಾಯಿತೇ?" ಎಂದು ಕೇಳಿದಳು. ಅವಳ ಮನಸ್ಸಿನಲ್ಲಿ ಏನಿತ್ತೆಂದು ನನಗೊಬ್ಬನಿಗೇ ಗೊತ್ತು.

"ಮೂವತ್ತೆರಡು ವಾರ, ಅಮ್ಮ" ಎಂದಳು ಮಗಳು. "ಇಲ್ಲಿ ಯಾರೂ ತಿಂಗಳು ಎಣಿಸುವುದಿಲ್ಲ."