ಗಿಟಾರ್ ‘ಜಿರ್ರ್’ ಅಂತಿದ್ಯಾ? ಫ್ರೆಟ್ ಉಜ್ಜಿಸೋ ಮುಂಚೆ ಇಷ್ಟು ನೋಡಿ

ವಿಡಿಯೋದಲ್ಲಿ ಹೇಳಿದ್ದನ್ನ ಓದೋಕೆ ಅನುಕೂಲ ಆಗ್ಲಿ ಅಂತ ಇಲ್ಲಿ ಬರೆದಿದ್ದೀನಿ. ಇವತ್ತಿನ ವಿಷಯ ಫ್ರೆಟ್ ಬಝ್.

ಅಲುಗಾಡೋ ತಂತಿ ಮುಂದಿನ ಫ್ರೆಟ್‌ಗೆ ತಾಗಿದ್ರೆ ಬರೋ ಶಬ್ದವೇ ಬಝ್. ಸಾಂಗ್ಲಿ ಜಿಲ್ಲೆಯ ಮೀರಜ್‌ನಲ್ಲಿ ತಂಬೂರಿ ಮಾಡೋರು ಇದೇ ತಾಗುವಿಕೆಯನ್ನ ಬೇಕಂತಲೇ ತರ್ತಾರೆ. ಕುದುರೆಯ ಮೇಲ್ಮೈಯನ್ನ ಸಣ್ಣಗೆ ಬಾಗಿಸಿ, ತಂತಿ ಕೆಳಗೆ ನೂಲು ಇಟ್ಟು ಜವಾರಿ ಕೂರಿಸ್ತಾರೆ. ತಂಬೂರಿಗೆ ಅದೇ ಜೀವ. ಗಿಟಾರ್‌ಗೆ ಮಾತ್ರ ತೊಂದರೆ.

ಶಿರೂರು ಮಳೆನೆರಳಿನ ಊರು. ಮಂಗಳೂರು, ಉಡುಪಿ ಕಡೆಯ ತೇವದಲ್ಲಿದ್ದ ಗಿಟಾರ್ ಇಲ್ಲಿನ ಬೇಸಿಗೆಗೆ ಬಂದ್ರೆ ಮರ ಒಣಗಿ ಕುಗ್ಗುತ್ತೆ. ಮೇಲಿನ ಹಲಗೆ ತಗ್ಗುತ್ತೆ, ತಂತಿ ಫ್ರೆಟ್‌ಗೆ ಹತ್ತಿರ ಆಗುತ್ತೆ. ಅಂಗಡಿಯವರು ಫ್ರೆಟ್ ಉಜ್ಜೋಣ ಅಂತಾರೆ. ಆದ್ರೆ ಉಜ್ಜಿದ ಲೋಹ ವಾಪಸ್ ಬರಲ್ಲ. ಮಳೆಗಾಲದಲ್ಲಿ ಮರ ತಾನೇ ಸರಿಹೋದ್ರೆ ಉಜ್ಜಿಸಿದ್ದು ದಂಡ. ಹಾಗಾಗಿ ಈ ಕ್ರಮದಲ್ಲಿ ಹೋಗಿ.

1. ತೇವ: ತೂತು ಮಾಡಿದ ಸೋಪ್ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಒದ್ದೆ ಸ್ಪಾಂಜ್ ಹಾಕಿ, ಗಿಟಾರ್ ಜೊತೆ ಕೇಸ್ ಒಳಗೆ ಒಂದು ವಾರ ಇಡಿ. ತೇವಾಂಶ 45–55% ಇದ್ರೆ ಸಾಕು.

2. ಜಾಗ ಹುಡುಕಿ: ಸರಿಯಾಗಿ ಟ್ಯೂನ್ ಮಾಡಿ ಒಂದೊಂದೇ ಫ್ರೆಟ್ ನುಡಿಸಿ. ಬೆರಳು ಫ್ರೆಟ್‌ನ ಹಿಂದೆಯೇ, ಹತ್ತಿರ ಇರ್ಲಿ. ಖಾಲಿ ತಂತಿಯಲ್ಲಿ ಮಾತ್ರ ಬಝ್ ಬಂದ್ರೆ ನಟ್‌ನ ಗಾಡಿ ಆಳವಾಗಿದೆ. 1ರಿಂದ 5ನೇ ಫ್ರೆಟ್‌ವರೆಗೆ ಬಂದ್ರೆ ನೆಕ್ ತುಂಬಾ ನೇರ ಅಥವಾ ಹಿಂದಕ್ಕೆ ಬಾಗಿದೆ. 12ರ ಮೇಲೆ ಬಂದ್ರೆ ಸ್ಯಾಡಲ್ ತಗ್ಗಾಗಿರಬಹುದು. ಒಂದೇ ಜಾಗದಲ್ಲಿ ಬಂದ್ರೆ ಅದರ ಮುಂದಿನ ಫ್ರೆಟ್ ಎತ್ತರ ಇದೆ.

3. ನೆಕ್: 1ನೇ ಫ್ರೆಟ್‌ಗೆ ಕ್ಯಾಪೋ ಹಾಕಿ, ದಪ್ಪ ತಂತಿಯನ್ನ 14ರಲ್ಲಿ ಒತ್ತಿ, 7ನೇ ಫ್ರೆಟ್ ಹತ್ತಿರ ನೋಡಿ. ಸುಮಾರು 0.2 ಮಿ.ಮೀ. ಸಂದು ಇರಬೇಕು. ಏನೂ ಇಲ್ಲದಿದ್ರೆ ಟ್ರಸ್ ರಾಡನ್ನ ಗಡಿಯಾರದ ವಿರುದ್ಧ ದಿಕ್ಕಿಗೆ ಒಂದೆಂಟರಷ್ಟು ಸುತ್ತು ಸಡಿಲಿಸಿ, ಮತ್ತೆ ಟ್ಯೂನ್ ಮಾಡಿ ಅಳೆಯಿರಿ. ಗಟ್ಟಿ ಅನ್ಸಿದ್ರೆ ಬಲ ಹಾಕ್ಬೇಡಿ; ರಾಡ್ ಕೆಟ್ರೆ ರಿಪೇರಿ ದುಬಾರಿ. ನೈಲಾನ್ ತಂತಿಯ ಎಷ್ಟೋ ಗಿಟಾರ್‌ಗಳಲ್ಲಿ ರಾಡೇ ಇರಲ್ಲ.

4. ಸ್ಯಾಡಲ್: 12ನೇ ಫ್ರೆಟ್ ಮೇಲೆ ದಪ್ಪ ತಂತಿ 2–2.5 ಮಿ.ಮೀ. ಎತ್ತರ ಇರ್ಲಿ. ಕಡಿಮೆ ಇದ್ರೆ ಸ್ಯಾಡಲ್ ಕೆಳಗೆ ತೆಳು ಪಟ್ಟಿ ಇಡಿ. ಸ್ಯಾಡಲ್ 0.5 ಎತ್ತರಿಸಿದ್ರೆ 12ರಲ್ಲಿ ಅದರ ಅರ್ಧ, 0.25 ಏರುತ್ತೆ.

ಇಷ್ಟಾದ್ಮೇಲೂ ಒಂದೇ ಜಾಗದಲ್ಲಿ ಬಝ್ ಉಳಿದ್ರೆ ಮಾತ್ರ ಫ್ರೆಟ್ ಕೆಲಸಕ್ಕೆ ಕೊಡಿ. ಮೂರು ಫ್ರೆಟ್ ಮೇಲೆ ಎಟಿಎಂ ಕಾರ್ಡಿನ ಅಂಚು ಇಟ್ಟು ನೋಡಿ. ಅದು ಅಲ್ಲಾಡಿದ್ರೆ ನಡುವಿನ ಫ್ರೆಟ್ಟೇ ಎತ್ತರ ಇರೋದು. ಅದೊಂದನ್ನೇ ಸರಿ ಮಾಡ್ಸಿ, ಎಲ್ಲವನ್ನೂ ಅಲ್ಲ.