ಮೊದಲು ಕೊಲ್ಲಬೇಕು, ಆಮೇಲೆ ಕಟ್ಟಬೇಕು

ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಕಾಡುವುದು ಹದಿಹರೆಯದವರನ್ನು. ಎಲುಬು ಭರದಿಂದ ಬೆಳೆಯುವ ವಯಸ್ಸಿನಲ್ಲಿ, ಅದೂ ಬಹುಪಾಲು ಮೊಣಕಾಲಿನ ಆಸುಪಾಸಿನಲ್ಲೇ ಗಡ್ಡೆ ಏಳುತ್ತದೆ. ಕೆನಡಾದ ಟೆರ್ರಿ ಫಾಕ್ಸ್‌ಗೆ 1977ರಲ್ಲಿ ಇದು ಬಂದಾಗ ವಯಸ್ಸು 18, ಬಲಗಾಲನ್ನೇ ತೆಗೆಯಬೇಕಾಯಿತು. 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು ದೇಶದುದ್ದಕ್ಕೂ ಓಡಲು ಹೊರಟ ಹುಡುಗ 143 ದಿನ ಓಡಿದ. ಕ್ಯಾನ್ಸರ್ ಅಷ್ಟರಲ್ಲಿ ಶ್ವಾಸಕೋಶಕ್ಕೆ ಹಬ್ಬಿತ್ತು. ಮರುವರ್ಷ ತೀರಿಕೊಂಡ.

ಈಗ ಹೆಚ್ಚಿನವರ ಕಾಲು ಉಳಿಯುತ್ತದೆ. ಮೊದಲು ಕೀಮೋ ಕೊಟ್ಟು, ಗಡ್ಡೆಯನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಮೂಳೆಯ ಸಮೇತ ತೆಗೆದು, ಮತ್ತೆ ಕೀಮೋ ಕೊಡುತ್ತಾರೆ. ತೆರವಾದ ಜಾಗಕ್ಕೆ ಲೋಹದ ಇಂಪ್ಲಾಂಟ್ ಅಥವಾ ದಾನಿಯ ಎಲುಬು ಬರುತ್ತದೆ. ಆದರೂ ಎರಡು ಆತಂಕ ಹೋಗುವುದಿಲ್ಲ. ಕಣ್ಣಿಗೆ ಕಾಣದ ನಾಲ್ಕು ಕ್ಯಾನ್ಸರ್ ಕೋಶ ಅಲ್ಲೇ ಉಳಿದಿದ್ದರೆ? ಎಲುಬು ಕೂಡಿಕೊಳ್ಳದಿದ್ದರೆ? ಕೀಮೋ ಔಷಧಗಳ ಪ್ರಮಾಣವನ್ನು ಬೇಕಾದಷ್ಟು ಏರಿಸೋಣವೆಂದರೆ ಡಾಕ್ಸೊರುಬಿಸಿನ್ ಹೃದಯವನ್ನು ಕೆಡಿಸುತ್ತದೆ, ಸಿಸ್‌ಪ್ಲಾಟಿನ್ ಕಿವಿಯನ್ನೂ ಮೂತ್ರಪಿಂಡವನ್ನೂ.

ಔಷಧವನ್ನು ಮೈಯೆಲ್ಲ ಹರಿಸುವ ಬದಲು ಗಾಯದೊಳಗೇ ಇಟ್ಟುಬಿಟ್ಟರೆ? ಹೈಡ್ರೋಜೆಲ್ ಬರುವುದು ಇಲ್ಲಿ. ಮೈತುಂಬ ನೀರು ಹಿಡಿದಿಟ್ಟುಕೊಂಡೂ ಕರಗಿ ಹೋಗದ ಪಾಲಿಮರ್ ಜಾಲವಿದು. ವೈದ್ಯಕೀಯಕ್ಕೆ ಇದು ಒಗ್ಗಬಹುದೆಂದು 1960ರಲ್ಲಿ ತೋರಿಸಿದವರು ಜೆಕೊಸ್ಲೊವಾಕಿಯಾದ ಒಟ್ಟೊ ವಿಕ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್. (ಮರುವರ್ಷ ವಿಕ್ಟರ್ಲೆ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಯಂತ್ರ ಜೋಡಿಸಿ, ಮನೆಯಲ್ಲೇ ಮೆದು ಕಾಂಟ್ಯಾಕ್ಟ್ ಲೆನ್ಸ್ ತಯಾರಿಸಿದರು!) ಮೂಳೆಗಾಗಿ ಈಗ ಕಡಲಪಾಚಿಯ ಆಲ್ಜಿನೇಟ್, ಸಿಗಡಿ ಚಿಪ್ಪಿನ ಕೈಟೊಸಾನ್, ಜೆಲಾಟಿನ್ ಬಳಸಿ ಪ್ರಯೋಗಗಳು ನಡೆದಿವೆ. ಔಷಧ ಬೆರೆಸಿದ ದ್ರವವನ್ನು ಸಿರಿಂಜಿನಿಂದ ಗಾಯದೊಳಗೆ ಬಿಟ್ಟರೆ ಅಂಕುಡೊಂಕಿನ ಗುಳಿಯನ್ನೆಲ್ಲ ತುಂಬಿ ಅಲ್ಲೇ ಗಟ್ಟಿಯಾಗುತ್ತದೆ.

ಕೇಳಲು ಸುಲಭ. ತೊಡಕಿರುವುದು ಒಂದೇ ಗುಳಿಯಲ್ಲಿ ಕೊಲ್ಲುವ ಕೆಲಸವೂ ಕಟ್ಟುವ ಕೆಲಸವೂ ಆಗಬೇಕೆನ್ನುವುದರಲ್ಲಿ. ಡಾಕ್ಸೊರುಬಿಸಿನ್‌ಗೆ ಕ್ಯಾನ್ಸರ್ ಕೋಶ, ಮೂಳೆ ಕಟ್ಟುವ ಕೋಶ ಎಂಬ ಭೇದ ಅಷ್ಟಾಗಿ ಇಲ್ಲ. ಅತ್ತ ಮೂಳೆ ಬೆಳೆಸುವ ಬಿಎಂಪಿ-2 ಪ್ರೋಟೀನ್ ಕ್ಯಾನ್ಸರನ್ನೂ ಬೆಳೆಸೀತೆಂಬ ಭಯ. ಅಮೆರಿಕದಲ್ಲಿ 2002ರಲ್ಲಿ ಬೆನ್ನುಮೂಳೆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪಡೆದ ಈ ಪ್ರೋಟೀನನ್ನು ಗಡ್ಡೆ ತೆಗೆದ ಜಾಗದ ಹತ್ತಿರ ಬಳಸಕೂಡದೆಂದು ಅದರ ಸೂಚನೆಯಲ್ಲೇ ಬರೆದಿದೆ.

ಹಾಗಾಗಿ ನನ್ನ ಮಟ್ಟಿಗೆ ಜೆಲ್‌ನ ನಿಜವಾದ ಪರೀಕ್ಷೆ ಅದರೊಳಗೆ ಏನೇನಿದೆ ಎಂಬುದಲ್ಲ, ಯಾವುದು ಯಾವಾಗ ಹೊರಬರುತ್ತದೆ ಎಂಬುದು. ಜೆಲ್‌ನ ನೀರಿನಲ್ಲಿ ಸುಮ್ಮನೆ ಬೆರೆತ ಔಷಧ ಬೇಗ ಸೋರಿಹೋಗುತ್ತದೆ. ಸೂಕ್ಷ್ಮ ಕಣಗಳಿಗೆ ಅಂಟಿಸಿದ್ದು ನಿಧಾನವಾಗಿ ಬಿಡುತ್ತದೆ. ಗಡ್ಡೆಯ ಸುತ್ತಲಿನ ಆಮ್ಲೀಯತೆಗೆ ಮಾತ್ರ ಬಾಯಿ ತೆರೆಯುವ ಜೆಲ್‌ಗಳಿವೆ. ಬೆಳವಣಿಗೆಯ ಪ್ರೋಟೀನಿನ ಗೊಡವೆಯೇ ಬೇಡವೆಂದು ಮೂಳೆಯದೇ ಖನಿಜವಾದ ಹೈಡ್ರಾಕ್ಸಿಅಪಟೈಟನ್ನೋ ಮೆಗ್ನೀಸಿಯಮನ್ನೋ ಸೇರಿಸುವವರೂ ಇದ್ದಾರೆ. ಇನ್‌ಫ್ರಾರೆಡ್ ಬೆಳಕು ಬಿಟ್ಟು ಜೆಲ್ ಕಾಯಿಸಿ ಕ್ಯಾನ್ಸರ್ ಕೋಶ ಸುಡುವ ಉಪಾಯವೂ ಉಂಟು. ಆದರೆ ಆ ಬೆಳಕು ಮಾಂಸದೊಳಗೆ ಹೆಚ್ಚು ಆಳಕ್ಕೆ ಇಳಿಯದು, ತೊಡೆಮೂಳೆಯೋ ದಪ್ಪ ಸ್ನಾಯುಗಳ ಅಡಿಯಲ್ಲಿದೆ.

ಪ್ರಯೋಗಾಲಯದ ವರದಿಗಳನ್ನು ಓದುವಾಗ ಒಂದು ವಿಷಯ ಗಮನಿಸಬೇಕು. ಎಷ್ಟೋ ಅಧ್ಯಯನಗಳಲ್ಲಿ ಕ್ಯಾನ್ಸರ್ ಕುಗ್ಗಿದ್ದು ಇಲಿಯ ಚರ್ಮದಡಿಯ ಗಡ್ಡೆಯಲ್ಲಿ. ಮೂಳೆ ಬೆಳೆದದ್ದು ಮತ್ತೊಂದು ಆರೋಗ್ಯವಂತ ಇಲಿಯ ತಲೆಬುರುಡೆಯಲ್ಲಿ ಕೊರೆದ ಕೆಲವೇ ಮಿಲಿಮೀಟರಿನ ತೂತಿನಲ್ಲಿ. ಎರಡೂ ಒಂದೇ ಗಾಯದಲ್ಲಿ ಆಗಿ ತೋರಿಸಿದರೆ ಅದು ಬೇರೆ ಮಾತು. ಅದೂ ಅಲ್ಲದೆ ಮೆದುವಾದ ಜೆಲ್ ಮೈಭಾರ ಹೊರಲಾರದು. ಟೈಟಾನಿಯಂನಂಥ ಗಟ್ಟಿ ಚೌಕಟ್ಟಿನ ಆಸರೆ ಬೇಕೇ ಬೇಕು.

ಸದ್ಯಕ್ಕೆ ಈ ಜೆಲ್ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆಯಲ್ಲ. ಇದು ಬರಲೆಂದು ಕೀಮೋ ಮುಂದೂಡಬೇಡಿ. ಮಗುವಿನ ಮೊಣಕಾಲ ನೋವು ವಾರಗಟ್ಟಲೆ ಬಿಡದೆ, ರಾತ್ರಿ ಹೆಚ್ಚಾಗಿ, ಊತವೂ ಕಂಡರೆ ಎಣ್ಣೆ ತಿಕ್ಕಿಸುತ್ತ ಕೂರದೆ ಎಕ್ಸ್‌ರೇ ಮಾಡಿಸಿ. ಬಯಾಪ್ಸಿ ಬೇಕೆಂದರೆ, ಮುಂದೆ ಶಸ್ತ್ರಚಿಕಿತ್ಸೆ ಮಾಡಲಿರುವ ತಂಡದಿಂದಲೇ ಮಾಡಿಸಿ; ಸೂಜಿ ಹೋದ ದಾರಿಯನ್ನೂ ಅವರು ಗಡ್ಡೆಯ ಜತೆಗೇ ಕತ್ತರಿಸಿ ತೆಗೆಯಬೇಕಾಗುತ್ತದೆ.