ಅಂಕಿ, ಅನುಭವ, ಅಭಿವ್ಯಕ್ತಿ: ಹವಾಗುಣ ವಿಜ್ಞಾನದ ನಿರೂಪಣೆಯಲ್ಲಿ ಕಲೆ

ಮಳೆಯ ಲಕ್ಷಣಗಳನ್ನು ಪದ್ಯದಲ್ಲಿ ಕಟ್ಟಿಡುವುದು ಕನ್ನಡಕ್ಕೆ ಹೊಸತಲ್ಲ. ಕ್ರಿ.ಶ. 1300ರ ಸುಮಾರಿನ ರಟ್ಟಕವಿಯ 'ರಟ್ಟಮತ'ವು ಮಳೆ, ಮಿಂಚು, ಭೂಕಂಪ ಮೊದಲಾದವುಗಳ ಲಕ್ಷಣಗಳನ್ನು ನಿರೂಪಿಸುವ ಶಾಸ್ತ್ರಕೃತಿ. ಅದರ ಶಕುನವಿಚಾರಗಳನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಪ್ರಕೃತಿಯನ್ನು ಕುರಿತ ಅರಿವು ಜನರ ನೆನಪಿನಲ್ಲಿ ನಿಲ್ಲಬೇಕಾದರೆ ಅದಕ್ಕೊಂದು ಕಲಾರೂಪ ಅಗತ್ಯವೆಂಬ ತಿಳಿವಳಿಕೆ ಅದರ ಹಿಂದೆ ಇದೆ. ಹವಾಗುಣ ವಿಜ್ಞಾನದ ಮುಂದೆ ಇಂದು ಇರುವುದೂ ಇದೇ ಪ್ರಶ್ನೆ. ಕೇರಳದ ಎರಡು ನಗರಗಳ ನಿದರ್ಶನಗಳಿಂದ ಇದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ದಿನದ ಬಿಸಿಲು ಮಳೆಗಳು ಹವೆಗೆ ಸಂಬಂಧಿಸಿದವು. ಸಾಮಾನ್ಯವಾಗಿ 30 ವರ್ಷಗಳ ಸರಾಸರಿಯಿಂದ ಗುರುತಿಸುವ ಲಕ್ಷಣ ಹವಾಗುಣ. ಕನ್ನಡದಲ್ಲಿ 'ಹವಾಮಾನ' ಎಂಬ ಒಂದೇ ಪದವನ್ನು ಎರಡೂ ಅರ್ಥಗಳಲ್ಲಿ ಬಳಸುವುದರಿಂದ ಗೊಂದಲ ಸಹಜ. ಹವೆಯನ್ನು ಮೈ ಅರಿಯುತ್ತದೆ. ಹವಾಗುಣವನ್ನು ಅಂಕಿ ಮಾತ್ರ ಅರಿಯುತ್ತದೆ. ಈ ಅಂತರವನ್ನು ತುಂಬುವಲ್ಲಿ ಕಲೆಗೆ ಕೆಲಸವಿದೆ.

ಕೊಚ್ಚಿಯ ಉದಾಹರಣೆಯನ್ನೇ ನೋಡೋಣ. ಅಲ್ಲಿನ ಬಂದರಿನ ಉಬ್ಬರವಿಳಿತದ ದಾಖಲೆ 1939ರಿಂದ ಲಭ್ಯವಿದೆ. ಉಣ್ಣಿಕೃಷ್ಣನ್ ಮತ್ತು ಶಂಕರ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ದೀರ್ಘ ದಾಖಲೆ ತೋರಿಸುವ ಸಮುದ್ರಮಟ್ಟದ ಏರಿಕೆ ವರ್ಷಕ್ಕೆ ಸುಮಾರು 1.75 ಮಿಲಿಮೀಟರ್. ಒಂದು ಅಕ್ಕಿಕಾಳಿನ ದಪ್ಪದಷ್ಟಿರುವ ಈ ಮೊತ್ತ ಯಾರ ಎದೆಯನ್ನೂ ತಟ್ಟದು. ಇದೇ ಗತಿಯಲ್ಲಿ 70 ವರ್ಷಗಳ ಒಂದು ಬಾಳಿಗೆ ಲೆಕ್ಕ ಹಾಕಿದರೆ ಸುಮಾರು 12 ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು. ಹಿನ್ನೀರಿನ ಅಂಚಿನ ಮನೆಯ ಹೊಸ್ತಿಲಿಗೆ ಅರ್ಧ ಗೇಣೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಅಂಕಿ ಬದಲಾಗಲಿಲ್ಲ, ಅಳತೆಗೋಲು ಮಾತ್ರ ಮನುಷ್ಯನ ಮೈಗೆ ಹತ್ತಿರವಾಯಿತು.

ತಿರುವನಂತಪುರದಲ್ಲಿ 1837ರಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದವನು ವಾಗ್ಗೇಯಕಾರನಾಗಿ ಖ್ಯಾತನಾದ ಸ್ವಾತಿ ತಿರುನಾಳ್ ಮಹಾರಾಜ. ಜಾನ್ ಕಾಲ್ಡೆಕಾಟ್ ಅದರ ಮೊದಲ ನಿರ್ದೇಶಕ. ಹೀಗೆ ಸಂಗೀತ ಮತ್ತು ಮಾಪನ ಒಂದೇ ಆಸ್ಥಾನದ ಆಶ್ರಯ ಪಡೆದವು. ಇವೆರಡನ್ನೂ ನೇರವಾಗಿ ಬೆಸೆದ ಪ್ರಯೋಗವೊಂದು 2013ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆಯಿತು. ವಿದ್ಯಾರ್ಥಿ ಡೇನಿಯಲ್ ಕ್ರಾಫರ್ಡ್ 1880ರಿಂದ 2012ರವರೆಗಿನ ಭೂಮಿಯ ಸರಾಸರಿ ಉಷ್ಣತೆಯನ್ನು ಚೆಲ್ಲೊ ವಾದ್ಯಕ್ಕೆ ಅಳವಡಿಸಿದರು. ವರ್ಷಕ್ಕೊಂದು ಸ್ವರ, ಸುಮಾರು 0.03 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಒಂದು ಸ್ವರಸ್ಥಾನ. ಇಲ್ಲಿ ಗಮನಾರ್ಹವಾದುದು, ಸ್ವರದಿಂದ ಮರಳಿ ಅಂಕಿಗೆ ಹೋಗಲು ಸಾಧ್ಯವೆಂಬುದು.

ಎಲ್ಲ ಕಲೆಯೂ ಹೀಗಿರುವುದಿಲ್ಲ. 2018ರ ಆಗಸ್ಟ್ 1ರಿಂದ 19ರವರೆಗೆ ಕೇರಳದಲ್ಲಿ 758.6 ಮಿಲಿಮೀಟರ್ ಮಳೆ ಸುರಿಯಿತು. ವಾಡಿಕೆಯ ಮಳೆ 287.6 ಮಿಲಿಮೀಟರ್. ಅದೇ ಡಿಸೆಂಬರಿನಲ್ಲಿ ಆರಂಭವಾದ ಕೊಚ್ಚಿ-ಮುಜಿರಿಸ್ ಬಿನಾಲೆಯಲ್ಲಿ ಬಾಂಗ್ಲಾದೇಶದ ಕಲಾವಿದೆ ಮಾರ್ಜಿಯಾ ಫರ್ಹಾನಾ ಪ್ರವಾಹದಲ್ಲಿ ಹಾಳಾದ ಪುಸ್ತಕ, ಪೀಠೋಪಕರಣ, ಗೃಹೋಪಯೋಗಿ ವಸ್ತುಗಳನ್ನು ತೂಗುಹಾಕಿ ಕೃತಿಯೊಂದನ್ನು ರಚಿಸಿದರು. ಅದರಿಂದ ಮಳೆಯ ಪ್ರಮಾಣ ತಿಳಿಯದು. ನಷ್ಟದ ಸ್ವರೂಪ ತಿಳಿಯುತ್ತದೆ. ಮೊದಲನೆಯದು ಅಂಕಿಯ ಭಾಷಾಂತರ, ಎರಡನೆಯದು ಸಾಕ್ಷ್ಯ. ಇವೆರಡನ್ನೂ ಒಂದೆಂದು ಭಾವಿಸುವುದು ಅಪಾಯಕರವೆಂಬುದು ನಮ್ಮ ಅಭಿಪ್ರಾಯ. ಒಂದು ನೆರೆಯೇ ಹವಾಗುಣ ಬದಲಾವಣೆಗೆ ಪುರಾವೆಯಾಗದು. ಕೊಲ್ಲಂ ವರ್ಷ 1099ರ, ಎಂದರೆ 1924ರ ಮಹಾಪ್ರವಾಹವನ್ನು ಕೇರಳ ಇಂದಿಗೂ 'ತೊಂಬತ್ತೊಂಬತ್ತರ ನೆರೆ' ಎಂದು ನೆನೆಯುತ್ತದೆ. ಸಾಕ್ಷ್ಯವನ್ನೇ ಪುರಾವೆಯೆಂದು ಮುಂದಿಟ್ಟರೆ, ಇಂತಹ ಹಳೆಯ ನೆರೆಯೊಂದನ್ನು ತೋರಿಸಿ ಸಂದೇಹವಾದಿ ಇಡೀ ವಿಜ್ಞಾನವನ್ನೇ ತಳ್ಳಿಹಾಕಬಲ್ಲ.

ಇವೆರಡೂ ಕೂಡುವ ಮೂರನೆಯ ಮಾರ್ಗವೊಂದು ಎರ್ನಾಕುಳಂ ಜಿಲ್ಲೆಯ ಪುತ್ತನ್‌ವೇಲಿಕ್ಕರದಂತಹ ಹಳ್ಳಿಗಳಲ್ಲಿದೆ. ಉಬ್ಬರದ ನೀರು ಅಂಗಳಕ್ಕೆ ಬಂದ ದಿನವನ್ನೂ ಅದರ ಮಟ್ಟವನ್ನೂ ಮನೆಯವರೇ ಕ್ಯಾಲೆಂಡರಿನಲ್ಲಿ ಗುರುತಿಸುವ ಕ್ರಮವನ್ನು ಕೊಚ್ಚಿಯ ಈಕ್ವಿನಾಕ್ಟ್ ಸಂಸ್ಥೆ ರೂಢಿಗೆ ತಂದಿತು. ಇದೇ ಅನುಭವವನ್ನು ಅಲ್ಲಿನ ಮಹಿಳೆಯರು ರಂಗದ ಮೇಲೂ ಅಭಿನಯಿಸಿದ್ದಾರೆ. ಅಂಕಿಯನ್ನು ಬರೆದಿಟ್ಟವರೇ ಅದರ ಕಥೆಯನ್ನೂ ಹೇಳುವಾಗ ವಿಜ್ಞಾನಕ್ಕೂ ಬದುಕಿಗೂ ನಡುವಣ ದುಭಾಷಿಯ ಅಗತ್ಯ ಕಡಿಮೆಯಾಗುತ್ತದೆ. ಗೋಡೆಯ ಮೇಲೆ ಗುರುತು ಬೀಳದ ನೆರೆ ಸರಕಾರದ ಕಡತಕ್ಕೂ ಏರದು. ಕಡತಕ್ಕೆ ಏರದ ಕುಟುಂಬಕ್ಕೆ ಪರಿಹಾರವೂ ದೂರವೇ.

ಉಳ್ಳಾಲದಿಂದ ಕಾರವಾರದವರೆಗಿನ ಕರಾವಳಿಗೂ ಕಾಸರಗೋಡಿನ ಕನ್ನಡಿಗರಿಗೂ ಈ ಮಾದರಿ ಅನ್ವಯಿಸುತ್ತದೆ. ಯಕ್ಷಗಾನ, ತಾಳಮದ್ದಳೆಗಳ ಬಲ ಅಲ್ಲಿ ಈಗಾಗಲೇ ಇದೆ. ಬೇಕಾಗಿರುವುದು ಮನೆಮನೆಯ ದಾಖಲೆ. ಹೊರನಾಡಿನ ಸಂಶೋಧಕರು ತಾವಿರುವ ಪ್ರದೇಶದ ಇಂತಹ ಪ್ರಯೋಗಗಳನ್ನು ಕನ್ನಡಕ್ಕೆ ಪರಿಚಯಿಸಿದರೆ ಅದು ನಮ್ಮ ಅಧ್ಯಯನಕ್ಕೆ ದೊಡ್ಡ ಕೊಡುಗೆಯಾದೀತು.